ಏಳು ತಿಂಗಳಿಗೆ ಹುಟ್ಟಿದ ಕೂಸಿಗೂ ಬಿಪಿ ನೋಡಿಸ್ಬೇಕಂತ, ಖರೇ ಏನ್ರಿ?

ಬಿಸಿಲೂರ_ಅಪ್ಪ (ಕಲಬುರಗಿ)

ಎಲ್ಲರಿಗೂ ಶರಣು. ನಮ್ಮ ಹುಡುಗ ಈಗ ಎರಡೂವರಿ ವರ್ಷದವ. 30 ವಾರಕ್ಕೇ ಹುಟ್ಟಿದವ, ತೂಕ 1,240 ಗ್ರಾಂ. ಭಾಳ ದಿನ ಕಾಜಿನ ಪೆಟ್ಟಿಗ್ಯಾಗ ಇದ್ದ. ಡಿಸ್ಚಾರ್ಜ್ ಮಾಡುವಾಗ ಕಣ್ಣು ತೋರಸ್ರಿ, ಕಿವಿ ತೋರಸ್ರಿ, ತೂಕ ನೋಡ್ಕೋತ ಇರ್ರಿ ಅಂದ್ರು. ಎಲ್ಲಾ ಮಾಡಿಸೇವಿ. ಬಿಪಿ ಬಗ್ಗಿ ಮಾತ್ರ ಯಾರೂ ಬಾಯಿ ಬಿಟ್ಟಿದ್ದಿಲ್ಲ.

ಮೊನ್ನೆ ಕೆಮ್ಮಂತ ಬ್ಯಾರೆ ಮಕ್ಕಳ ಡಾಕ್ಟರ್ ಕಡಿ ಕರ್ಕೊಂಡು ಹೋದ್ರ ಅವರು ಹಳೀ ಫೈಲ್ ತಿರುವಿ, "30 ವಾರದ ಕೂಸಾ? ಬಿಪಿ ಯಾವಾಗರ ನೋಡ್ಯಾರೇನು?" ಅಂತ ಕೇಳಿದ್ರು. ಸಿಸ್ಟರ್ ಪಟ್ಟಿ ಕಟ್ಟೋದ್ರಾಗ ಇವ ಆಕಾಶ ಭೂಮಿ ಒಂದು ಮಾಡಿದ. 116/74 ಬಂತು. ಡಾಕ್ಟರ್ ಗಾಬ್ರಿ ಆಗ್ಲಿಲ್ಲ, "ಮುಂದಿನ ವಾರ ಮತ್ತ ಬರ್ರಿ, ಹೊಟ್ಟಿ ತುಂಬಿಸ್ಕೊಂಡು, ನಿದ್ದಿ ಮಾಡಿಸ್ಕೊಂಡು ಬರ್ರಿ" ಅಂದ್ರು ಅಷ್ಟೇ. ಗಾಬ್ರಿ ಆಗಿದ್ದು ನಾವು. ಮನ್ಯಾಗ ಹೇಳಿದ್ರ ನಮ್ಮವ್ವ ನಕ್ಕಳು: "ನಿಮ್ಮಪ್ಪಗ ಐವತ್ತು ದಾಟಿದ ಮ್ಯಾಲ ಬಿಪಿ ಬಂತು, ಇವಗ ಇನ್ನಾ ಚೊಣ್ಣ ಹಾಕ್ಕೊಳ್ಳಾಕ ಬರಂಗಿಲ್ಲ."

ನನ್ನ ಪ್ರಶ್ನೆ ಎರಡು. ಇಷ್ಟು ಸಣ್ಣ ಮಕ್ಕಳಿಗಿ ಬಿಪಿ ನೋಡೋದು ರೂಢಿ ಅದ ಏನು? ಮತ್ತ 116 ಅಂದ್ರ ದೊಡ್ಡವರಿಗಿ ನಾರ್ಮಲ್ ಅಲ್ಲಾ, ಇವಗ್ಯಾಕ ಹೆಚ್ಚಂತಾರ?

ಸೂಪರ್‌ಮಾರ್ಕೆಟ್_ಹುಡುಗ

ಅಳೋ ಕೂಸಿಗಿ ಪಟ್ಟಿ ಕಟ್ಟಿದ್ರ ಬರೋದು ಬಿಪಿ ಅಲ್ರಿ ಅಣ್ಣಾ, ಸಿಟ್ಟು.

ಶಹಾಪುರ_ಸೊಸಿ

ನಮ್ಮ ಮಗಳೂ 31 ವಾರದಾಕಿ. ನಮಗೂ ಯಾರೂ ಹೇಳಿಲ್ಲ. ಈಗ ಇದು ಓದಿ ಎದಿ ಧಸಕ್ ಅಂತು. ಯಾರರ ತಿಳಿದವರು ಬರೀರಿ, ನಾ ಕಾಯ್ತೀನಿ.

ತೊಗರಿ_ರಾಶಿ (ಚಿಂಚೋಳಿ)

ನಾ ನೇರ ಹೇಳ್ತೀನಿ, ಸಿಟ್ಟಾಗ್ಬ್ಯಾಡ್ರಿ. ಇದೆಲ್ಲಾ ಬಿಲ್ ಹೆಚ್ಚು ಮಾಡೋ ದಾರಿ. ಇವತ್ತು ಬಿಪಿ, ನಾಳಿ ಸ್ಕ್ಯಾನು, ನಾಡದು ರಕ್ತ. ನಮ್ಮ ಕಡಿ ಮಕ್ಕಳಿಗಿ ರಕ್ತ ಇಲ್ಲ, ತೂಕ ಇಲ್ಲ, ಅದನ್ನ ನೋಡೋರು ಇಲ್ಲ. ನಮ್ಮ ಮುತ್ಯಾ ಏಳು ತಿಂಗಳಿಗೇ ಹುಟ್ಟಿದವ, ಎಂಬತ್ತು ದಾಟಿ ಬದುಕ್ಯಾನ. ಅವನ ಬಿಪಿ ಯಾರು ನೋಡಿದ್ರು?

ಸೇಡಂ_ರೋಡ್

ನಿಮ್ಮ ಮುತ್ಯಾ ಉಳಿದ, ಸರಿ. ಅವನ ಜೋಡಿ ಹುಟ್ಟಿ ಉಳೀದವರು ಇಲ್ಲಿ ಬಂದು ಬರಿಯಂಗಿಲ್ಲಲ್ರಿ.

ಮಕ್ಕಳ_ಡಾಕ್ಟರ್_ಕಬ

ಕಲಬುರಗಿಯಲ್ಲೇ ಮಕ್ಕಳ ವಿಭಾಗದಲ್ಲಿ ಇದ್ದೀನಿ. ಹೆಸರು ಬೇಡ, ವಿಷಯ ಹೇಳ್ತೀನಿ. ಜರಾ ಉದ್ದ ಆಗ್ತದ, ತಾಳ್ರಿ.

ಮೊದಲ ಪ್ರಶ್ನೆ. ದಿನ ತುಂಬಿ ಹುಟ್ಟಿ ಆರಾಮಿರೋ ಮಗುವಿಗೆ 3 ವರ್ಷದಿಂದ ವರ್ಷಕ್ಕೊಂದು ಸಲ ಬಿಪಿ ನೋಡಿದರೆ ಸಾಕು. ಆದರೆ 32 ವಾರಕ್ಕಿಂತ ಮೊದಲು ಹುಟ್ಟಿದವರು, ಹುಟ್ಟಿದಾಗ ಒಂದೂವರೆ ಕೆ.ಜಿ.ಗಿಂತ ಕಡಿಮೆ ಇದ್ದವರು, ವಾರಕ್ಕೆ ತಕ್ಕಷ್ಟು ಬೆಳೀದೇ ಸಣ್ಣಗೆ ಹುಟ್ಟಿದವರು, ಐಸಿಯುದಲ್ಲಿ ತ್ರಾಸ ಪಟ್ಟವರು, ಹೊಕ್ಕಳ ರಕ್ತನಾಳದಲ್ಲಿ ನಳಿಕೆ ಹಾಕಿಸಿಕೊಂಡವರು, ಇವರಿಗೆ 3 ವರ್ಷದ ತನಕ ಕಾಯೋದಲ್ಲ. ತಪಾಸಣೆಗೆ ಬಂದಾಗೆಲ್ಲ ನೋಡಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟ ಅದ. ಹೃದಯದ ಹುಟ್ಟು ದೋಷ, ಮೂತ್ರಪಿಂಡದ ತೊಂದರೆ, ಮೇಲಿಂದ ಮೇಲೆ ಮೂತ್ರದ ಸೋಂಕು ಇರೋ ಮಕ್ಕಳೂ ಅದೇ ಪಟ್ಟಿಯಲ್ಲಿ ಬರ್ತಾರೆ.

ಯಾಕೆ ಅಂದ್ರೆ ಕಿಡ್ನಿ. ರಕ್ತ ಸೋಸುವ ಸಣ್ಣ ಘಟಕಗಳಿಗೆ ನೆಫ್ರಾನ್ ಅಂತೀವಿ. ಒಂದೊಂದು ಕಿಡ್ನಿಯಲ್ಲಿ ಸರಾಸರಿ ಹತ್ತು ಲಕ್ಷದ ಆಸುಪಾಸು ಇರ್ತಾವೆ, ಮನುಷ್ಯನಿಂದ ಮನುಷ್ಯನಿಗೆ ಭಾಳ ಫರಕು ಅದ. ಇವುಗಳಲ್ಲಿ ಶೇಕಡಾ 60ರಷ್ಟು ತಯಾರಾಗೋದು ಬಸಿರಿನ ಕಡೇ ಮೂರು ತಿಂಗಳಲ್ಲಿ. 36 ವಾರದ ಹೊತ್ತಿಗೆ ಕೆಲಸ ಮುಗೀತದ, ಆಮೇಲೆ ಜೀವಮಾನದಲ್ಲಿ ಹೊಸದು ಒಂದೂ ಹುಟ್ಟಂಗಿಲ್ಲ. 30 ವಾರಕ್ಕೇ ಹೊರಗೆ ಬಂದ ಕೂಸಿನಲ್ಲಿ ಈ ಕೆಲಸ ಸ್ವಲ್ಪ ದಿನ ನಡೆದು ಅರ್ಧಕ್ಕೇ ನಿಂತು ಹೋಗ್ತದ. ಹತ್ತು ಆಳು ಮಾಡೋ ತೊಗರಿ ರಾಶಿ ಆರು ಆಳಿನ ಮೇಲೆ ಬಿದ್ದರೆ ಏನಾಗ್ತದೋ ಅದೇ ಆಗ್ತದ, ಕೆಲಸ ನಿಲ್ಲಂಗಿಲ್ಲ, ಆಳು ಸವೀತಾರೆ. ನೆಫ್ರಾನ್ ಕಡಿಮೆ ಇದ್ದವರಿಗೆ ಮುಂದೆ ಬಿಪಿ ಏರಬಹುದು ಅಂತ ಬ್ರೆನರ್ ಅನ್ನೋ ಕಿಡ್ನಿ ತಜ್ಞರು ಮತ್ತು ಸಂಗಡಿಗರು 1988ರಲ್ಲೇ ವಾದ ಮಂಡಿಸಿದ್ದರು. ಇದರ ಮೇಲೆ ಐಸಿಯುದಲ್ಲಿ ಜೀವ ಉಳಿಸಲಿಕ್ಕೆ ಕೊಟ್ಟ ಅಮಿಕಾಸಿನ್, ಜೆಂಟಾಮೈಸಿನ್‌ನಂಥ ಔಷಧಗಳ ಭಾರ ಬೇರೆ.

ಎರಡನೇ ಪ್ರಶ್ನೆ. ಮಕ್ಕಳಿಗೆ 120/80 ಅನ್ನೋ ಅಳತಿ ನಡೆಯಂಗಿಲ್ಲ. ವಯಸ್ಸು, ಗಂಡೋ ಹೆಣ್ಣೋ, ಎತ್ತರ ಎಷ್ಟು, ಮೂರೂ ಹಿಡಿದು ಕೋಷ್ಟಕ ನೋಡ್ತೀವಿ. ಸುಲಭಕ್ಕೆ ಒಂದು ಗಡಿ ಪಟ್ಟಿ ಅದ: 2 ವರ್ಷದ ಗಂಡು ಮಗುವಿಗೆ 100/55, 3 ವರ್ಷಕ್ಕೆ 101/58, 5 ವರ್ಷಕ್ಕೆ 103/63. ಹೆಣ್ಣು ಮಗುವಿಗೆ 2ಕ್ಕೆ 101/58, 3ಕ್ಕೆ 102/60, 5ಕ್ಕೆ 104/64. ಇದನ್ನ ದಾಟಿದರೆ ರೋಗ ಅಂತಲ್ಲ, ಸರಿಯಾಗಿ ಮತ್ತೊಮ್ಮೆ ನೋಡ್ರಿ ಅಂತ. ಬೇರೆ ಬೇರೆ ದಿನ ಮೂರು ಭೇಟಿಯಲ್ಲಿ, ಶಾಂತ ಇದ್ದಾಗ, ಹೆಚ್ಚೇ ಬಂದರೆ ಆವಾಗ ಬಿಪಿ ಅನ್ನಬೇಕು. ಅಳುವಾಗ ಬಂದ 116ರ ಮೇಲೆ ಯಾರೂ ಗುಳಿಗಿ ಬರೆಯಬಾರದು.

ಬಿಸಿಲೂರ_ಅಪ್ಪ

ಸರ್, ದೊಡ್ಡ ಉಪಕಾರ. ಅರ್ಧ ಜೀವ ಬಂತು.

ಬೀದರ್_ಟು_ಬೆಂಗಳೂರು

ಡಾಕ್ಟರ್ ಸರ್, ಒಂದು ತಕರಾರು ಅದ. ಅಮೆರಿಕದ್ದೇ ಇನ್ನೊಂದು ಸಮಿತಿ, ರೋಗ ತಡೆ ಸೇವೆಗಳ ಕಾರ್ಯಪಡೆ, 2020ರಾಗ ಮಕ್ಕಳ ಬಿಪಿ ತಪಾಸಣಾ ಬಗ್ಗಿ "ಮಾಡ್ರಿ ಅನ್ನಾಕೂ ಬ್ಯಾಡ ಅನ್ನಾಕೂ ಸಾಕಷ್ಟು ಪುರಾವೆ ಇಲ್ಲ" ಅಂತ ಹೇಳ್ಯಾದ. ನೀವು ಒಂದು ಅಮೆರಿಕ ಹೇಳಿ ಇನ್ನೊಂದು ಅಮೆರಿಕ ಬಿಟ್ರಲ್ಲ? ದಿನ ತುಂಬದವರಿಗೂ ತುಂಬಿದವರಿಗೂ ದೊಡ್ಡವರಾದ ಮ್ಯಾಲ ಬಿಪಿಯಾಗ ಸರಾಸರಿ ಫರಕು 2ರಿಂದ 4 ಎಂ.ಎಂ. ಅಂತ ಓದೇನಿ. ಅಷ್ಟಕ್ಕ ಎರಡು ವರ್ಷದ ಕೂಸಿನ ಕೈಗೆ ಪಟ್ಟಿ ಬಿಗೀಬೇಕಾ?

ತೊಗರಿ_ರಾಶಿ

ಬರೋಬರಿ ಕೇಳಿದ್ರಿ! ಇದನ್ನೇ ನಾ ಹೇಳಿದ್ದು.

ಸೇಡಂ_ರೋಡ್

ನೀವು ಹೇಳಿದ್ದು ನಿಮ್ಮ ಮುತ್ಯಾನ ಕಥಿ, ಅವರು ಹೇಳಿದ್ದು ಬ್ಯಾರೆ.

ಮಕ್ಕಳ_ಡಾಕ್ಟರ್_ಕಬ

@ಬೀದರ್_ಟು_ಬೆಂಗಳೂರು ತಕರಾರು ನ್ಯಾಯವಾದದ್ದು. 2020ರ ಆ ಮಾತು 3ರಿಂದ 18 ವರ್ಷದ, ಯಾವ ಲಕ್ಷಣವೂ ಇಲ್ಲದ ಮಕ್ಕಳನ್ನೆಲ್ಲ ಸಾರಾಸಗಟು ನೋಡೋ ಬಗ್ಗೆ. ನಾವು ಮಾತಾಡ್ತಿರೋದು ಐಸಿಯುದಿಂದ ಬಂದ 30 ವಾರದ ಕೂಸಿನ ಬಗ್ಗೆ. ಸರಾಸರಿ 2-4 ಎಂ.ಎಂ. ಅನ್ನೋದು ನಿಜ. ಆದರೆ ಸರಾಸರಿಯೊಳಗೆ ಏನೂ ಆಗದವರೂ ಇರ್ತಾರೆ, ಕಿಡ್ನಿಯ ರಕ್ತನಾಳದಲ್ಲಿ ಹೆಪ್ಪುಗಟ್ಟಿ 130 ಮುಟ್ಟಿದ ಒಂದು ವರ್ಷದ ಕೂಸೂ ಇರ್ತದ. ಅಂಥಾ ಕೂಸು ತಲಿ ನೋಯ್ತದ ಅಂತ ಹೇಳಂಗಿಲ್ಲ. ಹಾಲು ಬಿಡ್ತದ, ತೂಕ ಏರಂಗಿಲ್ಲ, ಕಿರಿಕಿರಿ ಮಾಡ್ತದ. ಎಷ್ಟೋ ಸಲ ಅದೂ ಇಲ್ಲ. ಪಟ್ಟಿ ಕಟ್ಟದೇ ಗೊತ್ತಾಗೋ ದಾರಿ ಇಲ್ಲ, ಕಟ್ಟಲಿಕ್ಕೆ ಐದು ನಿಮಿಷ ಸಾಕು.

ಬೀದರ್_ಟು_ಬೆಂಗಳೂರು

ಒಪ್ಪಿದೆ, ಅರ್ಧ. ಸುಳ್ಳು ರೀಡಿಂಗ್ ಬಂದು ಮನಿಮಂದಿ ನಿದ್ದಿ ಕೆಡಿಸ್ಕೊಳ್ಳೋದೂ ಒಂದು ಖರ್ಚೇ ಅಲ್ಲಾ? ಮ್ಯಾಲಿನ ಅಪ್ಪನ್ನೇ ನೋಡ್ರಿ.

ಸಿಸ್ಟರ್_ಜೇವರ್ಗಿ

ಆ ಸುಳ್ಳು ರೀಡಿಂಗ್ ಎಲ್ಲಿಂದ ಬರ್ತದ ನಾ ಹೇಳ್ತೀನಿ. ಪಟ್ಟಿಯಿಂದ ಬರ್ತದ. ಭಾಳ ಕಡಿ ಎರಡೇ ಪಟ್ಟಿ ಇರ್ತಾವ, ದೊಡ್ಡವರದೊಂದು, "ಮಕ್ಕಳದು" ಅಂತ ಒಂದು. ಮಕ್ಕಳದಂದ್ರ ಆರು ತಿಂಗಳದ್ದೂ ಅದೇ, ಹತ್ತು ವರ್ಷದ್ದೂ ಅದೇ. ಪಟ್ಟಿ ಸಣ್ಣದಾದ್ರ ಬಿಪಿ ಹೆಚ್ಚು ತೋರಸ್ತದ, ದೊಡ್ಡದಾದ್ರ ಕಮ್ಮಿ ತೋರಸ್ತದ. ಪಟ್ಟಿ ಒಳಗಿನ ಗಾಳಿ ಚೀಲದ ಅಗಲ ತೋಳಿನ ಸುತ್ತಳತಿಯ ನೂರಕ್ಕ 40 ಪಾಲರ ಇರ್ಬೇಕು, ಉದ್ದ 80ರಿಂದ 100 ಪಾಲು. 15 ಸೆಂ.ಮೀ. ತೋಳಿಗಿ 6 ಸೆಂ.ಮೀ. ಅಗಲದ್ದು. ಅದರಕಿಂತ ದಪ್ಪ ತೋಳಿದ್ರ ಮುಂದಿನ ಸೈಜು, 9 ಸೆಂ.ಮೀ.

ಕೂಸಿನ್ನ ಅವ್ವನ ತೊಡಿ ಮ್ಯಾಲ ಕೂಡಸ್ರಿ. ಮೂರರಿಂದ ಐದು ನಿಮಿಷ ಸುಮ್ಕ ಬಿಡ್ರಿ, ಪಟ್ಟಿ ಮೊದಲು ಕೈಯಾಗ ಆಡಾಕ ಕೊಡ್ರಿ. ಬಲಗೈ, ಬರೀ ತೋಳು, ಅಂಗಿ ಮ್ಯಾಲ ಅಲ್ಲ. ತೋಳು ಎದಿ ಎತ್ತರಕ್ಕ ಇರ್ಲಿ. ಇಂಜೆಕ್ಷನ್ ಟ್ರೇ ಕಣ್ಣಿಗಿ ಬೀಳ್ಬಾರದು. ಲಸಿಕಿ ಹಾಕೋಕಿಂತ ಮೊದಲು ಬಿಪಿ, ಆಮ್ಯಾಲ ಸೂಜಿ. ಈ ಕ್ರಮ ತಪ್ಪಿದ್ರ ಆ ದಿನದ ರೀಡಿಂಗ್ ಚರಂಡಿಗಿ.

ಸೂಪರ್‌ಮಾರ್ಕೆಟ್_ಹುಡುಗ

ಬಲಗೈನೇ ಯಾಕ್ರಿ ಸಿಸ್ಟರ್? ಎಡಗೈಯಾಗ ರಕ್ತ ಇಲ್ಲೇನು 😄

ಸಿಸ್ಟರ್_ಜೇವರ್ಗಿ

ನಗ್ರಿ ನಗ್ರಿ. ಕೆಲವು ಮಕ್ಕಳಿಗಿ ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಒಂದು ಜಾಗಾದಾಗ ಹುಟ್ಟಾ ಇಕ್ಕಟ್ಟ ಇರ್ತದ. ಆವಾಗ ಎಡಗೈಯಾಗ ಕಮ್ಮಿ ಬಂದು ಮೋಸ ಆಗ್ಬಹುದು. ಕೋಷ್ಟಕನೂ ಬಲಗೈ ಅಳತಿ ಮ್ಯಾಲೇ ಮಾಡ್ಯಾರ. ಬಲಗೈಯಾಗ ಹೆಚ್ಚು ಬಂದ್ರ ಡಾಕ್ಟರ್ ತೊಡಿ ಸಂದ್ಯಾಗಿನ ನಾಡಿ ಮುಟ್ಟಿ ನೋಡ್ತಾರ, ಅದಕ್ಕೇ. ಎಕೋ, ಅಂದ್ರ ಹೃದಯದ ಸ್ಕ್ಯಾನ್, ಬೇಕಂದ್ರ ಈಗ ಕಲಬುರಗಿಯೊಳಗೇ ಜಯದೇವ ಅದ, ಮೊದಲಿನಂಗ ಎಲ್ಲಾದಕ್ಕೂ ಸೊಲ್ಲಾಪುರ, ಹೈದರಾಬಾದ್ ಅಂತ ಬಸ್ ಹತ್ತೋದಿಲ್ಲ.

ಹಾಸನದ_ಮೇಷ್ಟ್ರು_ಯಾದಗಿರಿ

ನಾನು ಇಲ್ಲಿಗೆ ವರ್ಗವಾಗಿ ಬಂದವನು, ನಿಮ್ಮ ಭಾಷೆ ಈಗೀಗ ಕಿವಿಗೆ ಹೊಂದಿಕೊಳ್ಳುತ್ತಿದೆ. ಒಂದು ಅನುಮಾನ. ಮನೆಯಲ್ಲಿ ಅಮ್ಮನಿಗೆಂದು ತಂದ ಡಿಜಿಟಲ್ ಮಷಿನ್ ಇದೆ. ಅದರಲ್ಲೇ ಮಗುವಿಗೂ ನೋಡಬಹುದೇ? ಮಣಿಕಟ್ಟಿಗೆ ಕಟ್ಟುವಂಥದ್ದೂ ಒಂದಿದೆ.

ಸಿಸ್ಟರ್_ಜೇವರ್ಗಿ

ಬ್ಯಾಡ್ರಿ ಸರ್. ಅಮ್ಮನ ಪಟ್ಟಿ ನಿಮ್ಮ ಮಗುವಿನ ತೋಳಿಗಿ ಎರಡು ಸುತ್ತು ಬರ್ತದ, ಕಮ್ಮಿ ತೋರಿಸಿ ಸುಳ್ಳು ಧೈರ್ಯ ಕೊಡ್ತದ. ಮಣಿಕಟ್ಟಿಂದಂತೂ ಮಕ್ಕಳಿಗಿ ಮುಟ್ಟಬ್ಯಾಡ್ರಿ.

ಮಕ್ಕಳ_ಡಾಕ್ಟರ್_ಕಬ

ಸಿಸ್ಟರ್ ಹೇಳಿದ್ದಕ್ಕೆ ಒಂದೇ ಸೇರಿಸ್ತೀನಿ. ಡಿಜಿಟಲ್ ಮಷಿನ್ ಮೊದಲ ಸಲ ಜಾಲಾಡಲಿಕ್ಕೆ ನಡೀತದ. ಹೆಚ್ಚು ಬಂದರೆ ಸ್ಟೆತೊಸ್ಕೋಪ್ ಇಟ್ಟು ಕಿವಿಯಿಂದ ಕೇಳಿ ಖಾತ್ರಿ ಮಾಡ್ಕೋಬೇಕು. ತೀರಾ ಸಣ್ಣ ಕೂಸಿನಲ್ಲಿ ಆ ಸಪ್ಪಳ ಕೇಳೋದೇ ಕಷ್ಟ, ಅಲ್ಲಿ ಮಷಿನ್ನೇ ಗತಿ.

ಅಂಗನವಾಡಿ_ಟೀಚರ್_ಸುರಪುರ

ನಮ್ಮ ಹತ್ರ ಬಣ್ಣದ ಟೇಪ್ ಅದ ನೋಡ್ರಿ, ತೋಳಿನ ಸುತ್ತಳತಿದು. 11.5ಕ್ಕಿಂತ ಕಮ್ಮಿ ಕೆಂಪು, 12.5ರ ತನಕ ಹಳದಿ. ನಾವು ಎಡಗೈ ಅಳೀತೀವಿ, ಅಪೌಷ್ಟಿಕತೆಗೆ. ಸಿಸ್ಟರ್ ಹೇಳಿದ ಲೆಕ್ಕ ಓದಿದ ಮ್ಯಾಲ ಹೊಳೀತು, ಇದೇ ಅಳತಿ ಚೀಟಿಮ್ಯಾಲ ಬರ್ದು ಕಳಿಸಿದ್ರ ಯಾವ ಪಟ್ಟಿ ಬೇಕಂತ ದವಾಖಾನ್ಯಾಗ ಮೊದಲೇ ಗೊತ್ತಾಗ್ತದಲ್ಲ.

ಆದ್ರ ಇನ್ನೊಂದು ಕೆಲಸ ನಮ್ಮ ಮ್ಯಾಲ ಹಾಕ್ಬ್ಯಾಡ್ರಿ, ಕೈ ಮುಗೀತೀನಿ. ಮೊಬೈಲ್‌ನಾಗ ಫೋಟೋ, ಹಾಜರಿ, ಮೊಟ್ಟಿ ಲೆಕ್ಕ, ಅದರಾಗ ನೆಟ್‌ವರ್ಕ್ ಇಲ್ಲ.

ಆಶಾ_ಅಕ್ಕ_ಆಳಂದ

ಟೀಚರ್ ಹೇಳಿದ್ದು ನಮ್ದೂ ಅದೇ ಪಾಡು. ಬಾಣಂತಿ ಮನಿಗಿ 42 ದಿನದ ತನಕ ಹೋಗ್ತೀವಿ, ಆಮ್ಯಾಲ 3, 6, 9, 12, 15 ತಿಂಗಳಿಗಿ. ತೂಕ, ಹಾಲು, ಲಸಿಕಿ, ಕಬ್ಬಿಣದ ಸಿರಪ್ಪು, ಎಲ್ಲಾ ಕೇಳ್ತೀವಿ. ತಾಯಿ ಕಾರ್ಡಿನ್ಯಾಗ ತಾಯಿ ಬಿಪಿ ಬರಿಯಾಕ ಜಾಗಾ ಅದ, ಕೂಸಿಂದು ಬರಿಯಾಕ ನನಗಂತೂ ಕಂಡಿಲ್ಲ. ಆದ್ರ ನಾವು ಒಂದು ಮಾಡ್ಬಹುದು. ಪೆಟ್ಟಿಗ್ಯಾಗ ಇದ್ದು ಬಂದ ಕೂಸು ಯಾವ ಮನ್ಯಾಗ ಅದ ನಮಗ ಗೊತ್ತಿರ್ತದ. ವರ್ಷಕ್ಕ ಎರಡು ಸಲ ಬಾಲ ಸ್ವಾಸ್ಥ್ಯದ ತಂಡ ಅಂಗನವಾಡಿಗಿ ಬಂದಾಗ "ಇದು ದಿನ ತುಂಬದ ಕೂಸು ಸರ್" ಅಂತ ಮುಂದ ತಂದು ನಿಲ್ಲಿಸ್ಬಹುದು. ಕಬ್ಬು ಕಡಿಯಾಕ ಹೋದವರ ಮಕ್ಕಳು ಮಾತ್ರ ತಂಡ ಬಂದಾಗ ಊರಾಗೇ ಇರಂಗಿಲ್ಲ. ಅವರಿಗೇನು ಮಾಡೋದು ಅಂತ ನನಗೂ ತಿಳಿವಲ್ದು.

ತೊಗರಿ_ರಾಶಿ

ಅಕ್ಕಾ, ಈ ಮಾತು ಖರೇ. ನಮ್ಮ ತಾಂಡಾದವರು ದೀಪಾವಳಿ ಆದ ಮ್ಯಾಲ ಹೋದ್ರ ಯುಗಾದಿಗೇ ಬರೋದು. ಬಸಿರಿದ್ದವರೂ ಹೋಗ್ತಾರ. ದಿನ ತುಂಬದ ಕೂಸು ಯಾಕ ಹುಟ್ತಾವ ಅಂದ್ರ ಇದನ್ನ ಮೊದಲು ನೋಡ್ರಿ ಅಂತ ನನ್ನ ವಾದ.

ಶಹಾಪುರ_ಸೊಸಿ

ನಿಮ್ಮ ವಾದಕ್ಕ ನಾನೂ ಸೈ ಅಂತೀನಿ ಅಣ್ಣಾ, ಆದ್ರ ಹುಟ್ಟಿಬಿಟ್ಟ ಕೂಸಿಗೇನು ಮಾಡೋದು ಹೇಳ್ರಿ? ಅದು ಬಿಟ್ಟು ಇದು, ಇದು ಬಿಟ್ಟು ಅದು ಅಂದ್ರ ಎರಡೂ ಆಗಂಗಿಲ್ಲ.

ಡಾಕ್ಟರ್ ಸರ್, ಇನ್ನೊಂದು. ನಮ್ಮತ್ತಿ ಹೇಳ್ತಾರ, ಏಳು ತಿಂಗಳ ಕೂಸು ಉಳಿತದ, ಎಂಟು ತಿಂಗಳಿಂದು ಉಳಿಯಂಗಿಲ್ಲ, ಏಳರ ಕೂಸಿಗಿ ಬಲ ಹೆಚ್ಚಂತ. ಹಂಗಾದ್ರ ನಮ್ಮಾಕಿ ಏಳರಾಗ ಹುಟ್ಟಿದ್ದು ಛಲೋನೇ ಆತಾ?

ಮಕ್ಕಳ_ಡಾಕ್ಟರ್_ಕಬ

ಅತ್ತೆಯವರಿಗೆ ನಮಸ್ಕಾರ ಹೇಳ್ರಿ, ಆದರೆ ಆ ಮಾತು ಸುಳ್ಳು. ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚಿದ್ದಷ್ಟೂ ಶ್ವಾಸಕೋಶ, ಮಿದುಳು, ಕಿಡ್ನಿ ಎಲ್ಲಾದಕ್ಕೂ ಒಳ್ಳೇದು. ಎಂಟು ತಿಂಗಳ ಕೂಸು ಏಳು ತಿಂಗಳಿನದಕ್ಕಿಂತ ಗಟ್ಟಿ.

ಸೇಡಂ_ರೋಡ್

ನಮ್ಮ ಆಯಿನೂ ಇದನ್ನೇ ಹೇಳ್ತಿದ್ಳು. ಎಂಟು ಅಂದ್ರ ಶನಿ ಅಂತ ಏನೋ ಲೆಕ್ಕ. ಎಂಟರಾಗ ಹುಟ್ಟಿದ ನಮ್ಮ ಕಾಕಾ ಈಗ ಎರಡು ಟ್ರ್ಯಾಕ್ಟರ್ ಇಟ್ಟಾನ.

ಭಾಲ್ಕಿ_ಅಮ್ಮಿ

ನಂದೂ ಒಂದು ಹೇಳ್ತೀನಿ. ಹೇಳ್ಬೇಕೋ ಬ್ಯಾಡೋ ಅಂತ ಮ್ಯಾಲಿನಿಂದ ಓದ್ಕೋತ ಬಂದೆ.

ನಮ್ಮ ಮಗಳು 27 ವಾರಕ್ಕ ಹುಟ್ಟಿದ್ಳು. ಹೊಕ್ಕಳದಾಗ ನಳಿಕಿ ಹಾಕಿದ್ರು. ಮನಿಗಿ ಬಂದ ಮ್ಯಾಲ ಹಾಲು ಕುಡೀವಲ್ದು, ಬೆವರು, ತೂಕ ನಿಂತ ನೀರು. ಎಲ್ಲರೂ "ದಿನ ತುಂಬದ ಕೂಸು ಹಿಂಗೇ ಇರ್ತದ" ಅಂದ್ರು. ಒಬ್ಬರು ಬಿಸ್ಕೀಟ್ ತಿನ್ನಸ್ರಿ ಅಂದ್ರು, ಒಬ್ಬರು ದೃಷ್ಟಿ ತೆಗೀರಿ ಅಂದ್ರು, ದರ್ಗಾದ ತಾಯತ ಕಟ್ಟಿದ್ವಿ, ಗುಡಿಗೂ ಹೋದ್ವಿ. ಕಡೀಕ ಬೀದರದಾಗ ಒಬ್ಬ ಮೇಡಂ ನಿದ್ದಿ ಹತ್ತಿದಾಗ ಬಿಪಿ ನೋಡಿದ್ರು. 130ರ ಮ್ಯಾಲ. ಎರಡನೇ ಸಲ, ಮೂರನೇ ಸಲ, ಅಷ್ಟೇ. ಕಾಲಿಂದೂ ನೋಡಿದ್ರು. ಸ್ಕ್ಯಾನ್‌ನಾಗ ಒಂದು ಕಿಡ್ನಿ ಇನ್ನೊಂದಕ್ಕಿಂತ ಸಣ್ಣದದ ಅಂತ ಬಂತು. ಹೈದರಾಬಾದಿಗಿ ಕಳಿಸಿದ್ರು, ಅಲ್ಲಿ ಆಮ್ಲೊಡಿಪಿನ್ ಅನ್ನೋ ಬಿಪಿ ಗುಳಿಗಿ ಚಾಲೂ ಮಾಡಿದ್ರು, ಗುಳಿಗಿ ಅರದು ನೀರಾಗ ಕಲಸಿ ಸಿರಿಂಜಿನಿಂದ ಅಳದು ಹಾಕೋದು.

ಒಂದು ತಿಂಗಳೊಳಗ ಹಾಲು ಕುಡಿಯಾಕ ಸುರು ಮಾಡಿದ್ಳು. ಈಗ ಶಾಲಿಗಿ ಹೋಗ್ತಾಳ, ಗುಳಿಗಿ ಕಮ್ಮಿ ಮಾಡ್ಕೋತ ಬಂದಾರ, ಪೂರಾ ನಿಂತಿಲ್ಲ. ಹೆದರಿಸಾಕ ಹೇಳ್ಲಿಲ್ರಿ ಇದು. ಐದು ನಿಮಿಷದ ಕೆಲಸ ಅಂತ ಡಾಕ್ಟರ್ ಮ್ಯಾಲ ಬರ್ದಾರಲ್ಲ, ಆ ಐದು ನಿಮಿಷ ನಮಗ ಸಿಗೋದ್ರಾಗ ವರ್ಷ ಹತ್ತಿರ ಬಂದಿತ್ತು.

ಬೀದರ್_ಟು_ಬೆಂಗಳೂರು

ಅಕ್ಕಾ, ಇದಕ್ಕ ನನ್ನ ಹತ್ರ ತಕರಾರಿಲ್ಲ.

ತೊಗರಿ_ರಾಶಿ

ಮಗಳು ಆರಾಮಿರ್ಲಿ ತಂಗಿ.

ಜೋಳದ_ರೊಟ್ಟಿ_ಶೇಂಗಾ_ಹಿಂಡಿ

ಇಷ್ಟೆಲ್ಲಾ ಯಾಕ್ರಿ, ಉಪ್ಪು ಬಂದ್ ಮಾಡಿದ್ರ ಆತು. ದಿನ ತುಂಬದ ಮಕ್ಕಳಿಗಿ ಹತ್ತು ವರ್ಷದ ತನಕ ಉಪ್ಪೇ ಕೊಡ್ಬಾರದು. ನಾ ಒಂದು ವಿಡಿಯೋದಾಗ ನೋಡೀನಿ.

ಸಿಸ್ಟರ್_ಜೇವರ್ಗಿ

ನಿಮ್ಮ ಹೆಸರಿನಾಗೇ ಒಂದು ಹಿಡಿ ಉಪ್ಪು ಅದ ಸ್ವಾಮಿ.

ಮಕ್ಕಳ_ಡಾಕ್ಟರ್_ಕಬ

ಈ ಉಪ್ಪಿನ ಮಾತು ಅಪಾಯದ್ದು, ಅದಕ್ಕೇ ಬಿಡಿಸಿ ಹೇಳ್ತೀನಿ. ಒಂದು ವರ್ಷದೊಳಗೆ ಕೂಸಿನ ಊಟಕ್ಕೆ ಮೇಲಿನಿಂದ ಉಪ್ಪು ಹಾಕೋದು ಬೇಡ, ಅದು ಎಲ್ಲಾ ಕೂಸಿಗೂ. ಆಮೇಲೆ ಮನೆ ಅಡಿಗೆಯ ಹಿತಮಿತ ಉಪ್ಪು ಇರಲಿ. ಕಡಿಮೆ ಮಾಡಬೇಕಾದದ್ದು ಪ್ಯಾಕೆಟ್ ಕುರುಕಲು, ಹಪ್ಪಳ, ಉಪ್ಪಿನಕಾಯಿ, ಇನ್‌ಸ್ಟಂಟ್ ನೂಡಲ್ಸಿನ ಮಸಾಲಿ ಪುಡಿ. ಐದು ರೂಪಾಯಿ ಪ್ಯಾಕೆಟ್ ಕೈಗೆ ಕೊಟ್ಟು ರೊಟ್ಟಿಗೆ ಉಪ್ಪು ಬಿಟ್ಟರೆ ಏನು ಬಂತು?

ಆದರೆ ನಮ್ಮ ಬೇಸಿಗೆ ನಿಮಗೆ ಗೊತ್ತದ. ಮೇ ತಿಂಗಳಲ್ಲಿ ಕೂಸಿಗೆ ವಾಂತಿ-ಭೇದಿ ಹತ್ತಿದಾಗ "ಇವಗೆ ಬಿಪಿ ಅದ, ಉಪ್ಪು ಬೇಡ" ಅಂತ ಓಆರ್‌ಎಸ್ ಬಿಡಬೇಡ್ರಿ. ಓಆರ್‌ಎಸ್ ಕೊಡಲೇಬೇಕು, ಅಳತೆ ಪ್ರಕಾರ ಕಲಸಿ. ನೀರು ಆರಿದರೆ ಮೊದಲು ಸಾಯೋದು ಕಿಡ್ನಿ. ಬಿಪಿ ಗುಳಿಗಿ ತಗೊಳ್ಳೋ ಮಕ್ಕಳಿದ್ದರೆ ಭೇದಿ ಸುರು ಆದ ದಿನವೇ ಡಾಕ್ಟರಿಗೆ ಫೋನ್ ಮಾಡ್ರಿ, ಕೆಲವು ಗುಳಿಗಿ ಆ ದಿನಗಳಲ್ಲಿ ನಿಲ್ಲಿಸಬೇಕಾಗ್ತದ.

ಇನ್ನೊಂದು, ಸಣ್ಣಗೆ ಹುಟ್ಟಿತು ಅಂತ ತುರುಕಿ ತುರುಕಿ ದಪ್ಪ ಮಾಡೋದೂ ಸರಿ ಅಲ್ಲ. ಬೆಳವಣಿಗೆ ಬೇಕು, ಬೊಜ್ಜು ಬೇಡ. ಗೇಣಿಗಿಂತ ಸ್ವಲ್ಪ ಉದ್ದ ಹುಟ್ಟಿದ ಕೂಸು ಮೂರು ವರ್ಷಕ್ಕೆ ಗುಂಡಗಾಯ್ತು ಅಂತ ಮನೆಯವರು ಹಿಗ್ಗುತಾರೆ, ಆ ಹೆಚ್ಚಿನ ತೂಕ ಮುಂದೆ ಬಿಪಿಯನ್ನೇ ಏರಿಸ್ತದ.

ಮೆಡಿಕಲ್_ಅಂಗಡಿ_ಹುಮ್ನಾಬಾದ್

ನಾ ಕೌಂಟರ್ ಒಳಗ ನಿಂತವ, ಕಂಡದ್ದು ಹೇಳ್ತೀನಿ. ಶೀತಂದ್ರ ಸಾಕು, ಜನ ಬಂದು "ಆ ಕೆಂಪು ಸಿರಪ್ ಕೊಡ್ರಿ" ಅಂತಾರ. ಕ್ಲೋರ್‌ಫೆನಿರಮಿನ್ ಜೋಡಿ ಫಿನೈಲೆಫ್ರಿನ್ ಕೂಡಿದ ಸಿರಪ್ಪು 4 ವರ್ಷದೊಳಗಿನ ಮಕ್ಕಳಿಗಿ ಕೊಡಬ್ಯಾಡ್ರಿ ಅಂತ ಬಾಟಲಿ ಮ್ಯಾಲೇ ಬರೀಬೇಕು ಅಂತ 2023ರ ಡಿಸೆಂಬರ್‌ನಾಗ ಕೇಂದ್ರದ ಔಷಧ ನಿಯಂತ್ರಕರು ಹೇಳ್ಯಾರ. ಫಿನೈಲೆಫ್ರಿನ್ ರಕ್ತನಾಳ ಬಿಗೀತದ, ಬಿಪಿ ಏರಸ್ತದ. ಇನ್ನ ಹಳ್ಳಿಯೊಳಗ ಜ್ವರಂದ್ರ ಸೊಂಟಕ್ಕ ಒಂದು ಸೂಜಿ, ಅದರಾಗ ಏನದ ಅಂತ ಹಾಕಿಸ್ಕೊಂಡವರಿಗೂ ಗೊತ್ತಿಲ್ಲ, ಒಮ್ಮೊಮ್ಮೆ ಹಾಕಿದವರಿಗೂ ಗೊತ್ತಿಲ್ಲ.

ಮಕ್ಕಳ_ಡಾಕ್ಟರ್_ಕಬ

ಪೂರಾ ಒಪ್ತೀನಿ. ಜ್ವರಕ್ಕೆ ತೂಕದ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್ ಈ ಮಕ್ಕಳಿಗೆ ಕೇಳದೇ ಹಾಕಬೇಡ್ರಿ, ಅದೂ ಭೇದಿ ಇದ್ದಾಗಂತೂ ಬೇಡವೇ ಬೇಡ. ಸ್ಟಿರಾಯ್ಡ್ ಹನಿಗಳನ್ನ ಕೆಮ್ಮಿಗೆ ವಾರಗಟ್ಟಲೆ ಕೊಟ್ಟವರನ್ನೂ ನೋಡೀನಿ, ಅದರಿಂದಲೂ ಬಿಪಿ ಏರ್ತದ. ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲ ಮಾತು "ಇದು ಇಷ್ಟು ವಾರಕ್ಕೆ ಹುಟ್ಟಿದ ಕೂಸು" ಅಂತಿರಲಿ. ಡಿಸ್ಚಾರ್ಜ್ ಚೀಟಿ ಹರಿದು ಹೋಗೋದ್ರೊಳಗೆ ಮೊಬೈಲಿನಲ್ಲಿ ಫೋಟೋ ತೆಗೆದು ಇಟ್ಕೊಳ್ರಿ.

ಬಿಸಿಲೂರ_ಅಪ್ಪ

ಹೋಗಿ ಬಂದ್ವಿ. ಸಿಸ್ಟರ್ ಹೇಳಿದಂಗೇ ಮಾಡಿದ್ವಿ, ಮುಂಜಾನಿ ತಂಪಿನ್ಯಾಗ, ಹೊಟ್ಟಿ ತುಂಬಿಸಿ. ಪಟ್ಟಿ ಸೈಜ್ ಕೇಳಿದ್ದಕ್ಕ ಅಲ್ಲಿನ ಸಿಸ್ಟರ್ ನನ್ನ ಮುಖ ನೋಡಿ, ಒಳಗಿನಿಂದ ಬ್ಯಾರೆ ಪಟ್ಟಿ ತಂದ್ರು. 103/57. ಮತ್ತ ಎರಡು ಸಲ ನೋಡಿದ್ರು, ಅಷ್ಟರಾಗೇ ಬಂತು. ಡಾಕ್ಟರ್ ಎತ್ತರ ಅಳದು ಕೋಷ್ಟಕ ತೆಗದು, "ಗಡಿ ಮ್ಯಾಲ ಅದ. ರೋಗ ಅನ್ನಂಗಿಲ್ಲ, ಬಿಟ್ಟೂ ಬಿಡಂಗಿಲ್ಲ" ಅಂದ್ರು. ಮೂತ್ರ ಪರೀಕ್ಷಾ ಮಾಡಿಸ್ಯಾರ, ಕಿಡ್ನಿ ಸ್ಕ್ಯಾನಿಗಿ ಬರ್ದಾರ, ಮತ್ತ ಬರ್ರಿ ಅಂದಾರ. ಗುಳಿಗಿ ಇಲ್ಲ. ಸ್ಕ್ಯಾನ್ ಅಂದ್ರ ಹೊಟ್ಟಿ ಮ್ಯಾಲ ಜೆಲ್ಲಿ ಹಚ್ಚಿ ನೋಡೋದೇ ಅಲ್ಲಾ? ತೊಗರಿ_ರಾಶಿ ಅಣ್ಣಾ, ನಿಮ್ಮ ಮಾತು ನೆನಪಾತು ಬಿಲ್ ಕಟ್ಟುವಾಗ 😄

ತೊಗರಿ_ರಾಶಿ

ಹೇಳಿದ್ನೋ ಇಲ್ಲೋ! ಬಿಪಿ, ಸ್ಕ್ಯಾನು... ರಕ್ತ ಒಂದು ಬಾಕಿ ಅದ ನೋಡು. ಸರಕಾರಿಗಿ ಹೋಗು ತಮ್ಮಾ, ಜಿಮ್ಸ್‌ನಾಗೂ ಮಕ್ಕಳ ವಿಭಾಗ ಅದ. ಸಾಲು ಉದ್ದ ಇರ್ತದ, ರೊಕ್ಕ ಉಳಿತದ.

ಮಕ್ಕಳ_ಡಾಕ್ಟರ್_ಕಬ

ಹೌದು, ಜೆಲ್ಲಿ ಹಚ್ಚಿ ನೋಡೋದೇ, ನೋವಿಲ್ಲ, ವಿಕಿರಣ ಇಲ್ಲ. ಎರಡೂ ಕಿಡ್ನಿ ಒಂದೇ ಗಾತ್ರ ಅದಾವೇನು, ಸರಿಯಾಗಿ ಬೆಳೆದಾವೇನು ಅಂತ ನೋಡ್ತಾರೆ. ಒಳ್ಳೆ ಕ್ರಮದಲ್ಲೇ ಹೊಂಟಾರ ನಿಮ್ಮ ಡಾಕ್ಟರ್.

ಕಮಲಾಪುರ_ಟೀಚರಮ್ಮ

ಒಂದು ಮಾತು ಎಲ್ಲರೂ ಬಿಟ್ರಿ. ಕೂಸು ಬೇಗ ಯಾಕ ಹುಟ್ತು? ನನಗ ಬಸಿರಿನ್ಯಾಗ ಬಿಪಿ ಏರಿ, ಕಣ್ಣು ಮಂಜಾಗಿ, 33 ವಾರಕ್ಕೇ ಆಪರೇಷನ್ ಮಾಡಿ ತೆಗದ್ರು. ಆಮ್ಯಾಲ ಎಲ್ಲರ ಕಣ್ಣು ಕೂಸಿನ ಮ್ಯಾಲ. ನನ್ನ ಬಿಪಿ ಬಾಣಂತನ ಮುಗಿದ ಮ್ಯಾಲ ಯಾರೂ ನೋಡ್ಲಿಲ್ಲ, ನಾನೂ ನೋಡ್ಕೊಳ್ಳಿಲ್ಲ. ಈಗ ನಾಲ್ವತ್ತರೊಳಗೇ ಗುಳಿಗಿ ನಡದಾವ. ಬಸಿರಿನ್ಯಾಗ ಬಿಪಿ ಬಂದ ಹೆಣ್ಣಮಕ್ಕಳಿಗಿ ಮುಂದ ಬಿಪಿ, ಹೃದಯದ ತೊಂದ್ರಿ ಬರೋ ಸಂಭವ ಹೆಚ್ಚಂತ ನಮ್ಮ ಡಾಕ್ಟರ್ ಈಗ ಹೇಳ್ತಾರ. ಕೂಸಿನ್ನ ಕರ್ಕೊಂಡು ಹೋದ ದಿನ ತಾಯಿನೂ ಕೈ ಚಾಚ್ರಿ.

ಆಶಾ_ಅಕ್ಕ_ಆಳಂದ

ಟೀಚರಮ್ಮಾ, ಇದನ್ನ ನಾ ನಾಳಿ ನಮ್ಮ ಮೀಟಿಂಗ್‌ನಾಗ ಹೇಳ್ತೀನಿ.

ಜೋಳದ_ರೊಟ್ಟಿ_ಶೇಂಗಾ_ಹಿಂಡಿ

ಹಂಗಾದ್ರ ಶೇಂಗಾ ಹಿಂಡಿ ಕೊಡ್ಬಹುದೋ ಬ್ಯಾಡೋ, ಅದು ಹೇಳ್ರಿ ಮೊದಲು.

ಸಿಸ್ಟರ್_ಜೇವರ್ಗಿ

ಮನ್ಯಾಗ ಕುಟ್ಟಿದ್ದು, ಉಪ್ಪು ಖಾರ ಕಮ್ಮಿ ಹಾಕಿದ್ದು ಕೊಡ್ರಿ. ಶೇಂಗಾ ಒಳ್ಳೇದೇ.

ಹಾಸನದ_ಮೇಷ್ಟ್ರು_ಯಾದಗಿರಿ

ನನ್ನ ಮಗಳಿಗೆ ಈಗ ಒಂಬತ್ತು. 34 ವಾರಕ್ಕೆ ಹುಟ್ಟಿದವಳು, ಎರಡು ಕೆ.ಜಿ. ಚಿಲ್ಲರೆ, ಐಸಿಯುಗೆ ಹೋಗಿರಲಿಲ್ಲ. ಇದುವರೆಗೆ ಒಮ್ಮೆಯೂ ನೋಡಿಸಿಲ್ಲ. ಈಗ ನೋಡಿಸಿದರೆ ತಡವಾಯಿತೇ?

ಮಕ್ಕಳ_ಡಾಕ್ಟರ್_ಕಬ

ತಡ ಏನಿಲ್ಲ ಮೇಷ್ಟ್ರೇ. 32 ವಾರದ ಆ ಗುಂಪಿಗೆ ಅವಳು ಸೇರಂಗಿಲ್ಲ. ಆದರೆ 3 ದಾಟಿದ ಎಲ್ಲಾ ಮಕ್ಕಳಿಗೂ ವರ್ಷಕ್ಕೊಮ್ಮೆ ಅನ್ನೋ ಲೆಕ್ಕದಲ್ಲಿ ನೋಡಿಸ್ರಿ. ಒಂಬತ್ತು ವರ್ಷದವಳು ಹೇಳಿದ ಮಾತು ಕೇಳಿ ಸುಮ್ಮನೆ ಕೂಡ್ತಾಳ, ನಿಮ್ಮದು ಸುಲಭ. ಯಾದಗಿರಿ ಜಿಲ್ಲಾ ಆಸ್ಪತ್ರೆಯಲ್ಲೇ ಆಗ್ತದ, ಕಲಬುರಗಿ ತನಕ ಬರೋದು ಬೇಡ. ಸೋಮವಾರ ಬಿಟ್ಟು ಹೋಗ್ರಿ, ಆ ದಿನ ಓಪಿಡಿ ಗದ್ದಲ ಇರ್ತದ.